ಕಡಲಿನ ಅನ್ನದ ಲೆಕ್ಕ

ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ ಕೌಟಿಲ್ಯನ ಪ್ರಸ್ತಾಪ ಬಂದಾಗಲೆಲ್ಲ ‘ಮತ್ಸ್ಯನ್ಯಾಯ’ ಎಂಬ ಮಾತೂ ಬಂದೇ ಬರುತ್ತದೆ. ದಂಡವನ್ನು ಹಿಡಿಯುವ ಅರಸನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲ್ಲಿದನು ಬಡವನನ್ನು ನುಂಗುತ್ತಾನೆ ಎಂಬುದು ಅದರ ತಾತ್ಪರ್ಯ. ಪರೀಕ್ಷೆಯ ಉತ್ತರಕ್ಕೆ ಇಷ್ಟು ಸಾಕು. ಆದರೆ ನಾನು ಕಡಲ ಕರೆಯವನು. ಮೀನಿನ ಬುಟ್ಟಿಯ ಪಕ್ಕದಲ್ಲಿ ಕುಳಿತು ಮಗ್ಗಿ ಕಲಿತವನು. ಆದುದರಿಂದ ಈ ಮಾತನ್ನು ಕೇಳಿದಾಗ ನನ್ನ ಮನಸ್ಸಿನಲ್ಲಿ ರಾಜನೀತಿಗಿಂತ ಮೊದಲು ಎರಡು ಸಾಮಾನ್ಯ ಪ್ರಶ್ನೆಗಳು ಏಳುತ್ತವೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗಿತು ಸರಿ. ಎಲ್ಲಕ್ಕಿಂತ ಸಣ್ಣ ಮೀನು ಏನನ್ನು ನುಂಗಿತು? ನುಂಗಿದ್ದರಲ್ಲಿ ನುಂಗಿದವನಿಗೆ ದಕ್ಕಿದ್ದೆಷ್ಟು?

ಎರಡನೆಯ ಪ್ರಶ್ನೆ ನನ್ನ ತಾಯಿಯ ವ್ಯಾಪಾರಕ್ಕೆ ಸಂಬಂಧಪಟ್ಟದ್ದು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲನೆಯದಕ್ಕೆ ಉತ್ತರ ಹುಡುಕಲು ಹೊರಟ ನಾನು ಪ್ರಾಣಿಶಾಸ್ತ್ರ ಓದುತ್ತಿರುವ ಗೆಳೆಯನೊಬ್ಬನ ಬೆನ್ನು ಹತ್ತಿ, ಒಂದು ಶನಿವಾರ ಮಧ್ಯಾಹ್ನ, ರಜೆಗೆ ಹೋದಾಗ ಊರಿನಿಂದ ಮಂಜುಗಡ್ಡೆಯಲ್ಲಿಟ್ಟು ತಂದ ನಾಲ್ಕು ಬೂತಾಯಿ ಮೀನುಗಳೊಡನೆ ಪ್ರಯೋಗಶಾಲೆಯನ್ನು ಹೊಕ್ಕೆ. (ಆ ದಿನದ ವಾಸನೆಗಾಗಿ ಇತಿಹಾಸ ವಿಭಾಗದವರ ಕ್ಷಮೆ ಕೋರುತ್ತೇನೆ.) ಬೂತಾಯಿಯನ್ನು ಕಾರವಾರದ ಕಡೆಯವರು ತಾರ್ಲೆ ಎನ್ನುತ್ತಾರೆ. ಗೇಣುದ್ದದ ಬೆಳ್ಳಿಯ ಬಣ್ಣದ ಮೀನು. ಅದರ ಹೊಟ್ಟೆಯನ್ನು ಸೀಳಿ ಒಳಗಿದ್ದ ಕಂದು-ಹಸುರು ಬಣ್ಣದ ಪಾಕವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಅಲ್ಲಿ ಮೀನಿನ ಚೂರಿರಲಿಲ್ಲ. ಗಾಜಿನ ಡಬ್ಬಿಗಳಂತೆ, ಗಾಜಿನ ದೋಣಿಗಳಂತೆ, ಒಂದಕ್ಕೊಂದು ಅಂಟಿಕೊಂಡ ಇಸ್ಪೀಟಿನ ಎಲೆಗಳಂತೆ ಕಾಣುವ ಅಸಂಖ್ಯ ಕಣಗಳಿದ್ದುವು. ಮುರಿದ ಮೀಸೆಕಾಲುಗಳ ಕೆಲವು ಸಣ್ಣ ಹುಳುಗಳೂ ಇದ್ದುವು.

ಗಾಜಿನ ಡಬ್ಬಿಗಳಂತಿದ್ದವು ಡಯಾಟಮ್‌ಗಳು. ಇವು ಒಂದೇ ಕೋಶದ ಸಸ್ಯಗಳೆಂದು ತಿಳಿದರೆ ನಮ್ಮ ಸದ್ಯದ ಕೆಲಸಕ್ಕೆ ಸಾಕು. ಸಮುದ್ರದಲ್ಲಿ ಕರಗಿರುವ ಸಿಲಿಕವನ್ನು ಹೀರಿ ತಮ್ಮ ಸುತ್ತ ಗಾಜಿನಂಥ ಗೂಡು ಕಟ್ಟಿಕೊಳ್ಳುತ್ತವೆ. ಒಳಗೆ ಗದ್ದೆಯ ಪೈರು ಮಾಡುವ ಕೆಲಸವನ್ನೇ ಮಾಡುತ್ತವೆ, ಬಿಸಿಲನ್ನು ಹಿಡಿದು ಹಿಟ್ಟು-ಎಣ್ಣೆಗಳನ್ನು ತಯಾರಿಸುತ್ತವೆ. ಮೀಸೆಕಾಲಿನವು ಕೋಪಿಪಾಡ್‌ಗಳು, ಸೀಗಡಿಯ ದೂರದ ನೆಂಟರು, ಹೆಚ್ಚೆಂದರೆ ಅಕ್ಕಿಯ ನುಚ್ಚಿನಷ್ಟು ಗಾತ್ರ. ನೀರು ಒಯ್ದ ಕಡೆಗೆ ತೇಲಿಕೊಂಡು ಹೋಗುವ ಇಂಥ ಸಣ್ಣ ಸಸ್ಯಪ್ರಾಣಿಗಳನ್ನೆಲ್ಲ ಒಟ್ಟಾಗಿ ಪ್ಲಾಂಕ್ಟನ್ ಎನ್ನುತ್ತಾರೆ. ಈ ಹೆಸರನ್ನು ೧೮೮೭ರಲ್ಲಿ ಬಳಕೆಗೆ ತಂದವನು ಜರ್ಮನಿಯ ವಿಕ್ಟರ್ ಹೆನ್ಸೆನ್. ನಾವು ‘ತೇಲುಜೀವಿ’ ಎನ್ನೋಣ.

ನೆಲದ ಮೇಲೆ ನಿಂತು ನೋಡುವವನಿಗೆ ಕಡಲಿನಲ್ಲಿ ಬೆಳೆಯೇ ಇಲ್ಲ. ಮರವಿಲ್ಲ, ಹುಲ್ಲಿಲ್ಲ, ಬರಿಯ ನೀರು. ಹೀಗಿದ್ದೂ ಭೂಮಂಡಲದಲ್ಲಿ ಸಸ್ಯಗಳು ವರ್ಷಕ್ಕೆ ತಯಾರಿಸುವ ಒಟ್ಟು ಆಹಾರದಲ್ಲಿ ಸುಮಾರು ಅರ್ಧ ಪಾಲು ಕಡಲಿನದು. ಸೋಜಿಗವೆಂದರೆ, ಜಗತ್ತಿನ ಎಲ್ಲ ಸಸ್ಯರಾಶಿಯನ್ನು ತಕ್ಕಡಿಯಲ್ಲಿಟ್ಟರೆ ಕಡಲಿನ ತೇಲುಸಸ್ಯಗಳ ತೂಕ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಇದು ಹೇಗೆ ಸಾಧ್ಯ? ಸಂತೆಗೆ ಹೋದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೆಲ್ಲದ ಮಂಡಿಯವನ ಹತ್ತಿರ ಮೂಟೆಗಳ ಬೆಟ್ಟವೇ ಇರುತ್ತದೆ. ವರ್ಷಕ್ಕೊಮ್ಮೆ ಅದು ಖಾಲಿಯಾಗಬಹುದು, ಆಗದಿರಬಹುದು. ಸೊಪ್ಪು ಮಾರುವವಳ ಹತ್ತಿರ ಒಂದೇ ಬುಟ್ಟಿ. ಆದರೆ ಅದು ದಿನವೂ ತುಂಬುತ್ತದೆ, ದಿನವೂ ಖಾಲಿಯಾಗುತ್ತದೆ. ಕಾಡು ಬೆಲ್ಲದ ಮಂಡಿ; ಕಡಲು ಸೊಪ್ಪಿನ ಬುಟ್ಟಿ. ಡಯಾಟಮ್ ಒಂದು ದಿನದಲ್ಲಿ ಎರಡಾಗುತ್ತದೆ, ಕೆಲವೇ ದಿನಗಳಲ್ಲಿ ಯಾವುದೋ ಬಾಯಿಗೆ ಸೇರುತ್ತದೆ. ಆದುದರಿಂದಲೇ ಕಡಲಿನಲ್ಲಿ ಕೆಲವು ವೇಳೆ ಮೇಯುವವರ ತೂಕ ಮೇವಿನ ತೂಕಕ್ಕಿಂತ ಹೆಚ್ಚಾಗಿರುವುದೂ ಉಂಟು. ನಮ್ಮ ಊರಿನ ಗೋಮಾಳದಲ್ಲಿ ಹೀಗಾದರೆ ಮರುದಿನವೇ ದನಗಳು ಸತ್ತುಹೋಗುತ್ತಿದ್ದುವು.

ಇನ್ನು ಎರಡನೆಯ ಪ್ರಶ್ನೆ. ನುಂಗಿದ್ದರಲ್ಲಿ ದಕ್ಕುವುದೆಷ್ಟು?

ಈ ಲೆಕ್ಕವನ್ನು ಕ್ರಮವಾಗಿ ಹಾಕಿದವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ. ಆತ ಅಳೆದದ್ದು ಸಮುದ್ರವನ್ನಲ್ಲ, ಮಿನೆಸೋಟ ಪ್ರಾಂತ್ಯದ ಸೀಡರ್ ಬಾಗ್ ಎಂಬ ಒಂದು ಸಣ್ಣ ಕೆಸರುಗೆರೆಯನ್ನು. ಯಾರು ಯಾರನ್ನು ತಿಂದರು ಎಂದು ಹೆಸರು ಬರೆದುಕೊಳ್ಳುವುದರ ಬದಲು, ತಿಂದದ್ದು ಎಷ್ಟು ಕ್ಯಾಲೊರಿ, ಉಳಿದದ್ದು ಎಷ್ಟು ಎಂದು ಬರೆಯೋಣವೆಂಬುದು ಆತನ ಹೊಸ ಯೋಚನೆ. ಅವನ ಪ್ರಬಂಧವನ್ನು ಪತ್ರಿಕೆಯ ಪರಿಶೀಲಕರು ಮೊದಲು ಬೇಡವೆಂದರು. ಹಚಿನ್‌ಸನ್ ಎಂಬ ಹಿರಿಯ ವಿಜ್ಞಾನಿ ಅದರ ಪರವಾಗಿ ವಾದಿಸಿದ ಮೇಲೆ ಒಪ್ಪಿಕೊಂಡರು. ೧೯೪೨ರಲ್ಲಿ ಅದು ಅಚ್ಚಾಗಿ ಹೊರಬಂದಾಗ ಲಿಂಡೆಮನ್ ಇರಲಿಲ್ಲ. ಅದೇ ವರ್ಷದ ಜೂನ್ ತಿಂಗಳಿನಲ್ಲಿ, ಇಪ್ಪತ್ತೇಳು ತುಂಬುವುದಕ್ಕೆ ಮೊದಲೇ ತೀರಿಕೊಂಡಿದ್ದ. ನಮಗಿಂತ ಐದಾರು ವರ್ಷ ದೊಡ್ಡವನು, ಅಷ್ಟೆ.

ಆತ ತೋರಿಸಿದ ದಾರಿಯಲ್ಲಿ ನಡೆದು ನೋಡೋಣ. ಒಂದು ಕೋಪಿಪಾಡ್ ನೂರು ಪಾಲು ಡಯಾಟಮ್ ತಿಂದಿತೆಂದು ಇಟ್ಟುಕೊಳ್ಳಿ. ಅದರಲ್ಲಿ ಒಂದಷ್ಟು ಜೀರ್ಣವಾಗದೆ ಮಲವಾಗಿ ಬಿದ್ದುಹೋಗುತ್ತದೆ. ಜೀರ್ಣವಾದದ್ದರಲ್ಲಿ ಬಹುಪಾಲು ಈಜುವುದಕ್ಕೆ, ಉಸಿರಾಡುವುದಕ್ಕೆ, ಸುಮ್ಮನೆ ಬದುಕಿರುವುದಕ್ಕೆ ಖರ್ಚಾಗಿ ಕೊನೆಗೆ ಶಾಖವಾಗಿ ನೀರಿನಲ್ಲಿ ಕರಗುತ್ತದೆ. ಮೈಗೆ ಮಾಂಸವಾಗಿ, ಮೊಟ್ಟೆಯಾಗಿ ಹತ್ತಿ ಮುಂದಿನವನ ಬಾಯಿಗೆ ಸಿಕ್ಕುವುದು ಸುಮಾರು ಹತ್ತು ಪಾಲು. ಹತ್ತಕ್ಕೆ ಒಂದು ಎಂಬುದು ದೇವರು ಬರೆದ ನಿಯಮವಲ್ಲ. ೧೯೯೫ರಲ್ಲಿ ಪಾಲಿ ಮತ್ತು ಕ್ರಿಸ್ಟೆನ್‌ಸನ್ ಎಂಬಿಬ್ಬರು ಅನೇಕ ಜಲಪ್ರದೇಶಗಳ ಲೆಕ್ಕಗಳನ್ನು ಕಲೆಹಾಕಿ ನೋಡಿದಾಗ ಸರಾಸರಿ ನೂರಕ್ಕೆ ಹತ್ತು ಬಂದಿತು. ಆದರೆ ಒಂದೊಂದು ಕಡೆ ಬಹಳ ಕಡಿಮೆ, ಒಂದೊಂದು ಕಡೆ ಇಪ್ಪತ್ತಕ್ಕೂ ಮೇಲೆ. ಸರಾಸರಿಯನ್ನು ಸರಾಸರಿಯೆಂದೇ ತಿಳಿದರೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಾರಜನಕ, ರಂಜಕ ಮೊದಲಾದ ಪದಾರ್ಥಗಳು ಕಡಲಿನಲ್ಲಿ ಸುತ್ತುತ್ತವೆ. ಸತ್ತದ್ದು ಕೊಳೆತು ಮತ್ತೆ ಗೊಬ್ಬರವಾಗುತ್ತದೆ. ಆದರೆ ಶಕ್ತಿ ಸುತ್ತುವುದಿಲ್ಲ. ಅದು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಿಬಿಡುತ್ತದೆ. ಶಾಖವಾಗಿ ಚದುರಿದ ಬಿಸಿಲನ್ನು ಯಾವ ಡಯಾಟಮ್ಮೂ ಮತ್ತೆ ಹಿಡಿಯಲಾರದು. ದಿನವೂ ಹೊಸ ಬಿಸಿಲು ಬರಲೇಬೇಕು. ಬಿದ್ದ ಬಿಸಿಲಿನಲ್ಲಿಯೂ ತೇಲುಸಸ್ಯಗಳು ಹಿಡಿಯುವುದು ನೂರರಲ್ಲಿ ಒಂದು ಪಾಲಿಗಿಂತ ಬಹಳ ಕಡಿಮೆ.

ಈಗ ನನ್ನ ತಾಯಿಯ ಬುಟ್ಟಿಗೆ ಬರೋಣ. ಅದರಲ್ಲಿ ಸಾಮಾನ್ಯವಾಗಿ ಇರುವುದು ಬೂತಾಯಿ ಮತ್ತು ಬಂಗುಡೆ. ಮದುವೆ-ಮುಂಜಿ ಕಾಲದಲ್ಲಿ, ದುಡ್ಡಿದ್ದವರು ಹೇಳಿಟ್ಟಿದ್ದರೆ, ಒಂದೆರಡು ಅಂಜಲ್. ಬೂತಾಯಿ ಡಯಾಟಮ್ಮನ್ನೂ ಕೋಪಿಪಾಡನ್ನೂ ಕಿವಿರಿನ ಜರಡಿಯಲ್ಲಿ ಸೋಸಿ ತಿನ್ನುತ್ತದೆ. ಬಂಗುಡೆಗೆ ತೇಲುಪ್ರಾಣಿಗಳ ಮೇಲೆ ಹೆಚ್ಚು ಒಲವು. ಅಂಜಲ್ ಇವೆರಡನ್ನೂ ಬೆನ್ನಟ್ಟಿ ನುಂಗತಕ್ಕದ್ದು. ಹತ್ತಕ್ಕೆ ಒಂದರಂತೆ ಲೆಕ್ಕ ಹಾಕಿದರೆ ಒಂದು ಕಿಲೋ ಅಂಜಲ್ ಬೆಳೆಯಲು ಹತ್ತು ಕಿಲೋ ಬೂತಾಯಿ ಬೇಕು. ಆ ಹತ್ತು ಕಿಲೋಗೆ ನೂರು ಕಿಲೋ ತೇಲುಜೀವಿ. ಅಂಜಲಿನ ಬೆಲೆ ಹೆಚ್ಚಾಗಿರುವುದು ರುಚಿಯಿಂದ ಮಾತ್ರವಲ್ಲ. ಅದು ಕಡಲಿನಲ್ಲಿ ಹುಟ್ಟಿನಿಂದಲೇ ವಿರಳ. ಬಡವನ ಮೀನು ಬಿಸಿಲಿಗೆ ಹತ್ತಿರವಾದ ಮೀನು. ಆದುದರಿಂದಲೇ ಅದು ಬುಟ್ಟಿ ತುಂಬ ಸಿಕ್ಕುತ್ತದೆ.

ಹಾಗಾದರೆ ಬಿಸಿಲು ಎಲ್ಲ ಕಡೆಯೂ ಬೀಳುತ್ತದೆಯಲ್ಲ, ಅರಬ್ಬೀ ಸಮುದ್ರದ ನಟ್ಟನಡುವೆ ಬೂತಾಯಿ ಏಕೆ ಇಲ್ಲ? ಇದಕ್ಕೆ ಉತ್ತರ ನಮ್ಮ ಮಳೆಗಾಲದಲ್ಲಿದೆ. ಬೆಳಕು ಇರುವುದು ಮೇಲಿನ ಪದರದಲ್ಲಿ, ತೀರ ತಿಳಿಯಾದ ನೀರಿನಲ್ಲಿಯೂ ಇನ್ನೂರು ಮೀಟರಿನ ಒಳಗೆ. ಗೊಬ್ಬರ ಇರುವುದು ಕೆಳಗೆ, ಏಕೆಂದರೆ ಸತ್ತದ್ದೆಲ್ಲ ಮುಳುಗಿ ಅಲ್ಲಿ ಕೊಳೆಯುತ್ತದೆ. ಮೇಲಿನ ಬೆಚ್ಚಗಿನ ಹಗುರ ನೀರು ಕೆಳಗಿನ ತಣ್ಣನೆಯ ಭಾರದ ನೀರಿನ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಬಿಸಿಲಿದ್ದಲ್ಲಿ ಗೊಬ್ಬರವಿಲ್ಲ, ಗೊಬ್ಬರವಿದ್ದಲ್ಲಿ ಬಿಸಿಲಿಲ್ಲ. ನಡುಗಡಲು ಒಂದು ಬಗೆಯ ಮರುಭೂಮಿಯೇ ಸರಿ. ಮೇ ಕಳೆದು ಜೂನ್ ಬಂದಾಗ ನಮ್ಮ ಕರಾವಳಿಯ ಗುಂಟ ವಾಯವ್ಯ-ಉತ್ತರದಿಂದ ಬೀಸುವ ಗಾಳಿ ಮೇಲಿನ ನೀರನ್ನು ತಳ್ಳುತ್ತದೆ. ಭೂಮಿ ತಿರುಗುತ್ತಿರುವ ಕಾರಣ, ತಳ್ಳಿದ ನೀರು ಗಾಳಿಯ ದಿಕ್ಕಿಗೇ ಹೋಗದೆ ಬಲಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿದವನಿಗೆ ಬಲಗೈ ಪಶ್ಚಿಮವಲ್ಲವೆ? ಹಾಗಾಗಿ ನೀರು ದಡವನ್ನು ಬಿಟ್ಟು ಹೊರಗೆ ಸರಿಯುತ್ತದೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣನೆಯ, ಗೊಬ್ಬರದ ನೀರು ಮೇಲೇಳುತ್ತದೆ. ಕೇರಳದ ದಕ್ಷಿಣದಲ್ಲಿ ಇದರ ಬಲ ಹೆಚ್ಚು, ನಮ್ಮ ಕನ್ನಡ ಕರಾವಳಿಯಲ್ಲಿ ಅದಕ್ಕಿಂತ ಕಡಿಮೆ. ನದಿಗಳೂ ಘಟ್ಟದ ಮಣ್ಣಿನ ಸಾರವನ್ನು ತಂದು ಸುರಿಯುತ್ತವೆ. ನಾವು ಮನೆಯೊಳಗೆ ಕುಳಿತು ಹಪ್ಪಳ ಸುಡುತ್ತಿರುವಾಗ ಹೊರಗೆ ಕಡಲಿನ ಉಳುಮೆ-ಬಿತ್ತನೆ ನಡೆದಿರುತ್ತದೆ. ಅದರ ಫಸಲೇ ಡಯಾಟಮ್‌ಗಳ ಮಹಾಪೂರ.

ಈ ಏಳುನೀರಿಗೆ ಒಂದು ದೋಷವೂ ಉಂಟು. ಕೆಳಗೆ ಕೊಳೆಯುವ ಕೆಲಸ ನಡೆದದ್ದರಿಂದ ಅದರಲ್ಲಿ ಆಮ್ಲಜನಕ ಬಹಳ ಕಡಿಮೆ. ಮಳೆಗಾಲದ ಕೊನೆಗೆ ಅದು ದಡದ ಕಡೆಗೆ ಹರಡಿದಾಗ ತಳದ ಮೀನುಗಳು ಉಸಿರು ಕಟ್ಟಿ ಓಡಬೇಕಾಗುತ್ತದೆ. ಅನ್ನ ತಂದ ನೀರೇ ಉಸಿರನ್ನೂ ಕಸಿಯುತ್ತದೆ.

೧೯೬೯ರಲ್ಲಿ ಜಾನ್ ರೈದರ್ ಎಂಬ ವಿಜ್ಞಾನಿ ಈ ವ್ಯತ್ಯಾಸಕ್ಕೆ ಅಂಕಿಗಳನ್ನು ಕೊಟ್ಟ. ನಡುಗಡಲಿನಲ್ಲಿ ಸಸ್ಯಗಳು ತೀರ ಸಣ್ಣವು. ಅವನ್ನು ತಿನ್ನುವವನೂ ಕಣ್ಣಿಗೆ ಕಾಣದವನು, ಅವನನ್ನು ತಿನ್ನುವವನೂ ಹೆಚ್ಚುಕಡಮೆ ಹಾಗೆಯೇ. ಮನುಷ್ಯನು ತಿನ್ನಬಹುದಾದ ಮೀನಿನವರೆಗೆ ಐದು ಮೆಟ್ಟಿಲು. ಸಾಧಾರಣ ಕರಾವಳಿಯಲ್ಲಿ ಮೂರು. ಏಳುನೀರಿನ ಪ್ರದೇಶದಲ್ಲಿ ಸಸ್ಯಗಳು ದೊಡ್ಡವು, ಸರಪಣಿಗಳಾಗಿ ಅಂಟಿಕೊಂಡಿರತಕ್ಕವು. ಮೀನೇ ನೇರವಾಗಿ ಮೇಯಬಲ್ಲುದು. ಅಲ್ಲಿ ಒಂದೂವರೆ ಮೆಟ್ಟಿಲು! ಅರ್ಧ ಮೆಟ್ಟಿಲೆಂದರೇನೆಂದು ನಗಬೇಡಿ. ಬೂತಾಯಿ ಒಮ್ಮೆ ಸಸ್ಯವನ್ನು, ಒಮ್ಮೆ ಸಸ್ಯ ತಿಂದ ಹುಳುವನ್ನು ತಿಂದರೆ ಸರಾಸರಿ ಹಾಗೆಯೇ ಬರುತ್ತದೆ. ಮೆಟ್ಟಿಲಿಗೆ ದಕ್ಕುವ ಪಾಲನ್ನು ಆತ ಕ್ರಮವಾಗಿ ನೂರಕ್ಕೆ ಹತ್ತು, ಹದಿನೈದು, ಇಪ್ಪತ್ತು ಎಂದು ಹಿಡಿದ. ನಾನು ಸಾವಿರ ಕಿಲೋ ಸಸ್ಯದಿಂದ ಆರಂಭಿಸಿ ಲೆಕ್ಕ ಹಾಕಿ ನೋಡಿದೆ. ನಡುಗಡಲಿನಲ್ಲಿ ಕೊನೆಗೆ ದಕ್ಕುವ ಮೀನು ಹತ್ತು ಗ್ರಾಮು. ಕರಾವಳಿಯಲ್ಲಿ ಮೂರು ಕಿಲೋ ನಾನೂರು ಗ್ರಾಮಿನಷ್ಟು. ಏಳುನೀರಿನಲ್ಲಿ ಎಂಬತ್ತೊಂಬತ್ತು ಕಿಲೋ. ರೈದರನ ಅಂಕಿಗಳನ್ನು ಅನಂತರದವರು ಅಲ್ಲಲ್ಲಿ ತಿದ್ದಿದ್ದಾರೆ. ತಿದ್ದಿದರೂ ಮೆಟ್ಟಿಲು ಹೆಚ್ಚಾದಷ್ಟೂ ಕೊನೆಯವನ ತಟ್ಟೆ ಬರಿದಾಗುತ್ತದೆ ಎಂಬ ಮಾತು ನಿಂತಿದೆ.

ಇಷ್ಟು ಹೇಳಿ ಸರಪಣಿ ಎಂಬ ಮಾತನ್ನೇ ಬಿಟ್ಟುಬಿಡಬೇಕಾಗಿದೆ. ಕಡಲಿನಲ್ಲಿರುವುದು ಸರಪಣಿಯಲ್ಲ, ಬಲೆ. ಅಂಜಲಿನ ಮರಿ ಕಣ್ಣಿಗೆ ಕಾಣದಷ್ಟಿರುವಾಗ ಅದನ್ನು ಬಂಗುಡೆ ತಿನ್ನುತ್ತದೆ. ಬೆಳೆದ ಮೇಲೆ ಅದೇ ಅಂಜಲ್ ಬಂಗುಡೆಯನ್ನು ತಿನ್ನುತ್ತದೆ. ಕೌಟಿಲ್ಯನ ಮೀನುಗಳಲ್ಲಿ ಇಂಥ ಸೇಡಿನ ಪ್ರಸ್ತಾಪವಿಲ್ಲ. ಅದಲ್ಲದೆ ಬಲೆಯ ಕೆಳಗೆ ಇನ್ನೊಂದು ಸಣ್ಣ ಕಣ್ಣಿನ ಬಲೆಯಿರುವುದು ಗೊತ್ತಾದದ್ದು ಈಚೆಗೆ. ತೇಲುಸಸ್ಯಗಳ ಮೈಯಿಂದ ಸಾಕಷ್ಟು ಸಾರ ನೀರಿನಲ್ಲಿ ಸೋರಿ ಕರಗುತ್ತದೆ. ಅದನ್ನು ಯಾವ ಮೀನೂ ಕುಡಿದು ಬದುಕಲಾರದು. ಒಂದು ಹನಿಯಲ್ಲಿ ಸಾವಿರ ಸಾವಿರವಾಗಿರುವ ಬ್ಯಾಕ್ಟೀರಿಯಗಳು ಅದನ್ನು ಹೀರಿ ಬೆಳೆಯುತ್ತವೆ, ಅವನ್ನು ಏಕಕೋಶದ ಪ್ರಾಣಿಗಳು ನುಂಗುತ್ತವೆ, ಅವನ್ನು ಕೋಪಿಪಾಡ್. ಚೆಲ್ಲಿಹೋದ ಅನ್ನ ಹೀಗೆ ಸುತ್ತುಬಳಸಿ ಮರಳಿ ಬರುತ್ತದೆ. ಆದರೆ ಪ್ರತಿ ಮೆಟ್ಟಿಲಿನಲ್ಲಿಯೂ ಸುಂಕ ತೆತ್ತು ಬರುವುದರಿಂದ ಬಹಳ ಸ್ವಲ್ಪ. ೧೯೭೪ರಲ್ಲಿ ಪೊಮೆರಾಯ್, ೧೯೮೩ರಲ್ಲಿ ಅಜಾಮ್ ಮತ್ತು ಸಂಗಡಿಗರು ಇದನ್ನು ವಿವರಿಸುವವರೆಗೆ, ಬಲೆಗೆ ಸಿಕ್ಕದ್ದು ಇಲ್ಲವೆಂದೇ ಎಲ್ಲರೂ ನಡೆದುಕೊಂಡಿದ್ದರು.

ನಮ್ಮ ಬೂತಾಯಿಯ ಕಡೆಗೆ ಮರಳೋಣ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಅಲ್ಲಿಯ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಎಂಬವರು ೧೯೨೦ರ ದಶಕದಲ್ಲಿ ಬೂತಾಯಿಯ ಜೀವನವನ್ನೂ ಈ ಕರಾವಳಿಯ ತೇಲುಜೀವಿಗಳನ್ನೂ ಜೊತೆಯಾಗಿಯೇ ಅಭ್ಯಸಿಸಿದರು. ೧೯೫೫ರಲ್ಲಿ ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಒಂದು ಹೆಜ್ಜೆ ಮುಂದೆ ಹೋಗಿ, ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಡಯಾಟಮ್ ಹೇರಳವಾಗಿರುವುದು ಬೂತಾಯಿಯ ಹೇರಳತೆಯ ಸೂಚನೆಯೆಂದು ಬರೆದರು. ನಾವು ಗಾಜಿನ ಪಟ್ಟಿಯ ಮೇಲೆ ಕಂಡ ಇಸ್ಪೀಟಿನ ಎಲೆಗಳಂಥ ಸಾಲುಗಳು ಅವೇ ಇರಬಹುದೆಂದು ನನ್ನ ಗೆಳೆಯನ ಊಹೆ. ಉಪನ್ಯಾಸಕರು ‘ಇರಬಹುದು’ ಎಂದಷ್ಟೇ ಹೇಳಿದರು.

ಮಳೆಗಾಲದ ಈ ಫಸಲನ್ನು ಬೂತಾಯಿ ಎಣ್ಣೆಯಾಗಿ ಮೈಯಲ್ಲಿ ಕೂಡಿಡುತ್ತದೆ. ಮಳೆ ನಿಂತ ಮೇಲೆ ಬಂದ ಮೀನಿನ ಹೊಟ್ಟೆಯನ್ನು ನಮ್ಮ ಹೆಂಗಸರು ಹೆಬ್ಬೆರಳಿನಿಂದ ಒತ್ತಿಯೇ ಕೊಬ್ಬಿನ ಅಂದಾಜು ಹೇಳುತ್ತಾರೆ. ಕೊಬ್ಬಿದ ಬೂತಾಯಿಯನ್ನು ಕಾವಲಿಯ ಮೇಲಿಟ್ಟರೆ ಬೇರೆ ಎಣ್ಣೆ ಬೇಡ, ತನ್ನದರಲ್ಲಿಯೇ ಬೇಯುತ್ತದೆ. ಹಿಂದೆ ಈ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿಯುತ್ತಿದ್ದರು. ಹಿಂಡಿದ ಹಿಂಡಿ ತೆಂಗಿನ ಬುಡಕ್ಕೂ ಕಾಫಿ ತೋಟಗಳಿಗೂ ಗೊಬ್ಬರವಾಗಿ ಹೋಗುತ್ತಿತ್ತು. ಕಡಲಿನ ಸಾರ ಘಟ್ಟ ಹತ್ತುತ್ತಿದ್ದುದು ಹೀಗೆ. ಆ ಕಾಲದಲ್ಲಿ ದಡದಿಂದ ಹಾಕುವ ರಂಪಣಿ ಬಲೆಯನ್ನು ಎಳೆಯಲು ಊರಿನ ಹತ್ತಾರು ಮಂದಿ ಸೇರುತ್ತಿದ್ದರು, ಎಳೆದವರಿಗೆಲ್ಲ ಪಾಲು. ೧೯೭೦ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದುವು. ಮೀನು ದಡಕ್ಕೆ ಬರುವವರೆಗೆ ಕಾಯುವ ಅಗತ್ಯ ಅವಕ್ಕಿಲ್ಲ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು.

ಈಗ ನನ್ನ ತಾಯಿಯ ಮಾತನ್ನು ಹೇಳುವೆನೆಂದಿದ್ದೆನಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ವರ್ಷ ಬೂತಾಯಿ ಬರಲೇ ಇಲ್ಲ. ಬಂದ ನಾಲ್ಕಾರು ಬುಟ್ಟಿಯ ಮೀನೂ ಸಣಕಲು. ಅವಳು ಒಂದನ್ನು ಒತ್ತಿ ನೋಡಿ ‘ಈ ವರ್ಷ ಕಡಲಿಗೇ ಹಸಿವು’ ಎಂದಳು. ನನ್ನ ಚೀಲ, ಛತ್ರಿ, ಅಕ್ಕನ ಕಾಲೇಜು, ಎಲ್ಲವೂ ಆ ವರ್ಷ ಮುಂದಕ್ಕೆ ಹೋದುವು. ಅಕ್ಕನ ಕಾಲೇಜು ಮಾತ್ರ ಆಮೇಲೆಯೂ ಆಗಲಿಲ್ಲ. ನಮ್ಮ ನೆರೆಯ ಕೇರಳದಲ್ಲಿ ೨೦೧೨ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬೂತಾಯಿ ಸಿಕ್ಕಿತ್ತು. ೨೦೨೧ರಲ್ಲಿ ಮೂರು ಸಾವಿರ ಟನ್ನಿನ ಆಸುಪಾಸು. ನಡುವೆ ೨೦೧೫ರಲ್ಲಿ ಎಲ್ ನಿನ್ಯೊ ಎಂಬ ಬಲವಾದ ಕಡಲಬಿಸಿ ಬಂದುಹೋಗಿತ್ತು. ಮೇಲಿನ ನೀರು ಹೆಚ್ಚು ಬೆಚ್ಚಗಾದರೆ ಮುಚ್ಚಳ ಬಿಗಿಯಾಗುತ್ತದೆ, ಗೊಬ್ಬರ ಮೇಲೇರುವುದು ಕಷ್ಟವಾಗುತ್ತದೆ. ಆದರೆ ಎಲ್ಲವನ್ನೂ ಕಡಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಮೊಟ್ಟೆಯಿಡುವ ಮೊದಲೇ ಮರಿಮೀನನ್ನು ಬಾಚಿದ್ದೂ ಉಂಟು. ಪೆರು ದೇಶದವರು ಇದನ್ನು ಮೊದಲೇ ಅನುಭವಿಸಿದ್ದರು: ೧೯೭೦ರಲ್ಲಿ ೧೨೦ ಲಕ್ಷ ಟನ್ನಿಗೂ ಮೀರಿ ಹಿಡಿದ ಆಂಕೊವೆಟ ಎಂಬ ಸಣ್ಣ ಮೀನು, ೧೯೭೨ರ ಎಲ್ ನಿನ್ಯೊ ಕಳೆದು ೧೯೭೩ ಬರುವಷ್ಟರಲ್ಲಿ ೨೦ ಲಕ್ಷ ಟನ್ನಿನ ಮಟ್ಟಕ್ಕೆ ಇಳಿದಿತ್ತು.

ಆ ಆಂಕೊವೆಟದಲ್ಲಿ ಬಹುಪಾಲನ್ನು ಮನುಷ್ಯರು ತಿಂದಿರಲಿಲ್ಲ. ಅದು ಹಿಟ್ಟಾಗಿ ಪರದೇಶದ ಕೋಳಿ-ಹಂದಿಗಳ ಮೇವಾಗಿತ್ತು. ನಮ್ಮ ಕರಾವಳಿಯಲ್ಲಿಯೂ ಮೀನುಹಿಟ್ಟಿನ, ಮೀನೆಣ್ಣೆಯ ಕಾರ್ಖಾನೆಗಳಿವೆ. ಹಿಟ್ಟು ಸಾಕಿದ ಸೀಗಡಿಗೆ ಹೋಗುತ್ತದೆ, ಸೀಗಡಿ ದೂರದ ಮೇಜಿಗೆ. ಮೇಲಿನ ಲೆಕ್ಕವನ್ನು ಓದಿದವರಿಗೆ ಇಲ್ಲಿ ಏನಾಯಿತೆಂದು ಹೇಳಬೇಕಾಗಿಲ್ಲ. ಕಡಲು ಒಂದೂವರೆ ಮೆಟ್ಟಿಲಿನಲ್ಲಿ ಕೊಟ್ಟದ್ದಕ್ಕೆ ನಾವು ಇನ್ನೊಂದು ಮೆಟ್ಟಿಲನ್ನು ಕಟ್ಟಿದ್ದೇವೆ. ವ್ಯಾಪಾರಿಗೆ ಅದು ಲಾಭವೇ ಇರಬಹುದು. ಅರ್ಥಶಾಸ್ತ್ರದ ನಮ್ಮ ಉಪನ್ಯಾಸಕರು ರೂಪಾಯಿಯ ಲೆಕ್ಕ ಬೇರೆ, ಕ್ಯಾಲೊರಿಯ ಲೆಕ್ಕ ಬೇರೆ ಎನ್ನುತ್ತಾರೆ. ಅವರ ಮಾತನ್ನು ಅಲ್ಲಗಳೆಯುವಷ್ಟು ಓದು ನನ್ನದಲ್ಲ. ಆದರೆ ಬಂದರಿನಲ್ಲಿ ಬೆಳಗಿನ ಹರಾಜಿಗೆ ನಿಂತಾಗ, ಲಾರಿಯವನು ಕೂಗಿದ ಬೆಲೆಯನ್ನು ಬುಟ್ಟಿಯವಳು ಕೂಗಲಾರದೆ ಹಿಂದೆ ಸರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೂತಾಯಿ ಮೊಟ್ಟೆಯಿಡುವ ಕಾಲವೂ ಬಹುಮಟ್ಟಿಗೆ ಅದೇ. ನಾನು ಇದನ್ನು ಬರೆಯುತ್ತಿರುವಾಗ ಹೊರಗೆ ಮಳೆ ಹಿಡಿದಿದೆ. ಮೊನ್ನೆ ಊರಿನಿಂದ ಫೋನು ಬಂದಾಗ ತಾಯಿ, ಗಾಳಿ ಚೆನ್ನಾಗಿದೆ, ನೀರು ಮುಟ್ಟಿದರೆ ತಣ್ಣಗಿದೆ ಎಂದಳು. ಅವಳು ಬಲೆಯ ಹಗ್ಗ ತೊಳೆಯಲು ದಡಕ್ಕೆ ಹೋಗಿದ್ದಳಂತೆ.